ಮನೆ ಯಾರದು, ವಿದ್ಯೆ ಯಾರದು? ಐಕಿಡೊದ ದೋಶು ಪೀಠ ಮತ್ತು ವಂಶಪಾರಂಪರ್ಯದ ಪ್ರಶ್ನೆ

ಉತ್ತರಾಧಿಕಾರದ ಬಗೆಗಿನ ಈ ಗೋಷ್ಠಿಯಲ್ಲಿ ಬೆಳಗ್ಗಿನಿಂದ ಮಠ, ಮನೆತನ, ಯಕ್ಷಗಾನ ಮೇಳ ಇವುಗಳ ಬಗ್ಗೆ ಕೇಳಿದೆವು. ನಾನು ಮಾತ್ರ ನಿಮ್ಮನ್ನು ಜಪಾನಿಗೆ ಕರಕೊಂಡು ಹೋಗ್ತಾ ಇದ್ದೇನೆ. ಐಕಿಡೊ ಎಂಬ ಸಮರವಿದ್ಯೆಯ ಮುಖ್ಯಪೀಠ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೇಗೆ ಬಂತು, ಅದಕ್ಕಾಗಿ ಯಾರು ಏನನ್ನು ಕಳಕೊಂಡರು ಎಂಬುದು ನನ್ನ ವಿಷಯ.

ನನ್ನ ಪ್ರಶ್ನೆ ಸರಳ. ಗದ್ದೆಯನ್ನು ಮಗನ ಹೆಸರಿಗೆ ಬರೆದುಕೊಡಬಹುದು. ಕೈಯಲ್ಲಿರುವ ವಿದ್ಯೆಯನ್ನು ಬರೆದುಕೊಡಲಿಕ್ಕೆ ಆಗ್ತದಾ? ಆಗುವುದಿಲ್ಲ. ಹಾಗಾದರೆ ವಂಶಪಾರಂಪರ್ಯವಾಗಿ ಬರುವ ಗುರುಪೀಠದಲ್ಲಿ ನಿಜವಾಗಿ ಹಸ್ತಾಂತರವಾಗುವುದು ಎಂತದು?

೧. ಮೂಲಮನೆ

ಜಪಾನಿನ ಚಹಾ ಕಲೆ, ನೋ ನಾಟಕ, ಹೂ ಜೋಡಿಸುವ ಕಲೆ ಇವುಗಳಲ್ಲಿ ‘ಇಎಮೊತೊ’ ಎಂಬ ವ್ಯವಸ್ಥೆ ಉಂಟು. ‘ಇಎ’ ಅಂದರೆ ಮನೆ, ‘ಮೊತೊ’ ಅಂದರೆ ಮೂಲ. ಒಂದು ಶೈಲಿಯ ಮೂಲಮನೆ, ಮತ್ತು ಆ ಮನೆಯ ಯಜಮಾನ. ತರವಾಡು ಮನೆ ಗೊತ್ತಿರುವ ಕಾಸರಗೋಡಿನವರಿಗೆ ಈ ಕಲ್ಪನೆ ಕಷ್ಟವಲ್ಲ. ಶಾಖೆಗಳು ಎಷ್ಟು ದೂರ ಹೋದರೂ ಮೂಲ ಒಂದೇ ಕಡೆ ಇರ್ತದೆ, ದೀಪ ಅಲ್ಲಿ ಉರಿಯಬೇಕು. ವ್ಯತ್ಯಾಸ ಏನೆಂದರೆ ಜಪಾನಿನ ಈ ಮನೆಗೆ ಸೇರುವವರು ರಕ್ತಸಂಬಂಧಿಗಳಲ್ಲ, ಶಿಷ್ಯರು. ಯಜಮಾನನ ಕೈಯಲ್ಲಿರುವ ಮುಖ್ಯ ಅಧಿಕಾರ ಪ್ರಮಾಣಪತ್ರ ಕೊಡುವುದು. ಯಾರು ಎಷ್ಟು ಕಲಿತಿದ್ದಾರೆ, ಯಾರು ಕಲಿಸಬಹುದು ಎಂಬುದಕ್ಕೆ ಅವನ ಮುದ್ರೆ ಬೇಕು.

ಇಎಮೊತೊ ವ್ಯವಸ್ಥೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ ಇತಿಹಾಸಕಾರ ಮತ್ಸುನೊಸುಕೆ ನಿಶಿಯಾಮಾ ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗುರುತಿಸಿದ್ದಾರೆ. ಚಹಾದಂಥ ಕಲೆಗಳಲ್ಲಿ ಶಿಷ್ಯ ಎಷ್ಟೇ ಮೇಲೇರಿದರೂ ಪ್ರಮಾಣಪತ್ರ ಕೊಡುವ ಹಕ್ಕು ಮೂಲಮನೆಯಲ್ಲೇ ಉಳೀತದೆ. ಹಳೆಯ ಸಮರವಿದ್ಯೆಗಳಲ್ಲಿ ಹಾಗಲ್ಲ. ಅಲ್ಲಿ ‘ಮೆಂಕ್ಯೊ ಕೈದೆನ್’ ಎಂಬ ಪೂರ್ಣಪ್ರಸಾರದ ಪತ್ರ ಸಿಕ್ಕಿದ ಶಿಷ್ಯ ತಾನೇ ಗುರು. ಅವನು ಬೇರೆ ಕಡೆ ಹೋಗಿ ಶಾಲೆ ತೆರೆಯಬಹುದು, ತನ್ನ ಶಿಷ್ಯರಿಗೆ ಪತ್ರ ಕೊಡಬಹುದು. ಎದೊ ಕಾಲದಲ್ಲಿ ನೂರಾರು ಖಡ್ಗಶಾಲೆಗಳು ಹುಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಉದಾಹರಣೆಗೆ ಶಿಂಕಾಗೆ ಪರಂಪರೆ ನೋಡಿ. ನೊಬುತ್ಸುನಾ ಕಾಮಿಇಝುಮಿ 1565ರಲ್ಲಿ ತನ್ನ ವಿದ್ಯೆಯನ್ನು ಒಪ್ಪಿಸಿದ್ದು ಮಗನಿಗಲ್ಲ, ಮುನೆಯೋಶಿ ಯಾಗ್ಯು ಎಂಬ ಶಿಷ್ಯನಿಗೆ. ಯಾಗ್ಯು ಮನೆಗೆ ಬಂದ ಮೇಲೆ ಅದು ಮನೆತನದ ಸೊತ್ತಾಯಿತು. ಆದರೂ ಓವಾರಿ ಶಾಖೆಯ ಪಟ್ಟಿಯಲ್ಲಿ ನಾಲ್ಕನೆಯ ಮುಖ್ಯಸ್ಥ ಯಾಗ್ಯು ಮನೆಯವನಲ್ಲ. ಆ ಪ್ರಾಂತದ ಒಡೆಯನಾದ ತೊಕುಗಾವಾ ಯೋಶಿನಾವೊ. ಅಂದರೆ ವಂಶಾವಳಿ ಮತ್ತು ವಿದ್ಯಾವಳಿ ಎರಡೂ ಒಂದೇ ದಾರಿಯಲ್ಲಿ ಹೋಗಬೇಕೆಂಬ ಕಟ್ಟುಪಾಡು ಅಲ್ಲಿ ಇರಲಿಲ್ಲ.

ಇದಕ್ಕೆ ಎದುರಾಗಿ ಕಾತೋರಿ ಶಿಂತೋ ಪರಂಪರೆ ಉಂಟು. ಹದಿನೈದನೆಯ ಶತಮಾನದಿಂದ ಈಝಾಸಾ ಮನೆತನವೇ ಅದರ ಒಡೆತನ ಇಟ್ಟುಕೊಂಡಿದೆ. ಇಪ್ಪತ್ತನೆಯ ತಲೆಮಾರಿನ ಯಜಮಾನರು ಸ್ವತಃ ಕಲಿಸುವುದಿಲ್ಲ. ಕಲಿಸುವ ಕೆಲಸವನ್ನು ಬಹುಕಾಲ ರಿಸುಕೆ ಒತಾಕೆ ಎಂಬ ಹೊರಮನೆಯ ಗುರು ನಡೆಸಿದರು. ಮನೆ ಒಬ್ಬರದು, ವಿದ್ಯೆ ಇನ್ನೊಬ್ಬರದು. ಈ ಎರಡು ಮಾದರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಐಕಿಡೊಗೆ ಬರೋಣ.

೨. ಪಿತ್ರಾರ್ಜಿತ ಇಲ್ಲದ ಸ್ಥಾಪಕ

ಐಕಿಡೊದ ಸ್ಥಾಪಕ ಮೊರಿಹೇಯ್ ಉಯೆಶಿಬಾ 1883ರಲ್ಲಿ ವಾಕಾಯಾಮಾ ಪ್ರಾಂತದ ತಾನಾಬೆಯಲ್ಲಿ ಹುಟ್ಟಿದರು. 1915ರಲ್ಲಿ ಹೊಕ್ಕೈದೊ ದ್ವೀಪದಲ್ಲಿ ದೈತೋ ಪರಂಪರೆಯ ಗುರು ಸೊಕಾಕು ತಾಕೆದಾ ಅವರನ್ನು ಕಂಡು ಶಿಷ್ಯರಾದರು. 1922ರಲ್ಲಿ ಅವರಿಗೆ ಗುರುವಿನ ಪರವಾಗಿ ಕಲಿಸುವ ಅಧಿಕಾರಪತ್ರ ಸಿಕ್ಕಿತು. ಪೂರ್ಣಪ್ರಸಾರದ ಪತ್ರವಲ್ಲ. ಅಂಥ ಪತ್ರ 1939ರಲ್ಲಿ ಒಸಾಕಾದ ತಾಕುಮಾ ಹಿಸಾ ಎಂಬ ಶಿಷ್ಯರಿಗೆ ಹೋಯಿತು. ಅವರು ಮೊದಲು ಕಲಿತದ್ದು ಉಯೆಶಿಬಾ ಅವರ ಹತ್ತಿರವೇ.

ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ವಂಶಪಾರಂಪರ್ಯದ ಪೀಠ ಕಟ್ಟಿದ ಮನುಷ್ಯನಿಗೆ ತಾನು ಕುಳಿತ ಪೀಠ ಯಾರಿಂದಲೂ ಬಂದದ್ದಲ್ಲ. ದೈತೋ ವಿದ್ಯೆ, ಓಮೊತೊ ಎಂಬ ಧಾರ್ಮಿಕ ಪಂಥದ ಪ್ರಭಾವ, ತನ್ನ ಸಾಧನೆ ಎಲ್ಲ ಕೂಡಿಸಿ ಅವರು ಹೊಸತನ್ನು ಮಾಡಿದರು. 1927ರಲ್ಲಿ ಟೋಕಿಯೊಗೆ ಬಂದರು. 1931ರಲ್ಲಿ ಈಗಿನ ಶಿಂಜುಕು ಭಾಗದಲ್ಲಿ ಕೋಬುಕಾನ್ ಎಂಬ ತಾಲೀಮು ಮನೆ ಎದ್ದಿತು. ಮನೆ ಎದ್ದ ಕೂಡಲೇ ಪ್ರಶ್ನೆ ಬಂತು, ಇದರ ಮುಂದಿನ ಯಜಮಾನ ಯಾರು?

೩. ಅಳಿಯ ಎಂಬ ಶಬ್ದ

1920ರಲ್ಲಿ ಮೊರಿಹೇಯ್ ಅವರ ಇಬ್ಬರು ಎಳೆಯ ಗಂಡುಮಕ್ಕಳು ಒಂದೇ ವರ್ಷದಲ್ಲಿ ತೀರಿಕೊಂಡರು. ಮರುವರ್ಷ ಅಯಾಬೆಯಲ್ಲಿ ಕಿಶ್ಶೋಮಾರು ಹುಟ್ಟಿದ. ಕೋಬುಕಾನ್ ಎದ್ದಾಗ ಹುಡುಗನಿಗೆ ಹತ್ತು ವರ್ಷ. ತಂದೆ ಕಾಯಲಿಲ್ಲ. 1932ರಲ್ಲಿ ಮಗಳು ಮಾತ್ಸುಕೊಳನ್ನು ಕಿಯೋಶಿ ನಾಕಾಕುರಾ ಎಂಬ ಪ್ರತಿಭಾವಂತ ಕೆಂದೊ ಖಡ್ಗಪಟುವಿಗೆ ಮದುವೆ ಮಾಡಿಕೊಟ್ಟು, ಅವರನ್ನು ಉಯೆಶಿಬಾ ಮನೆಗೆ ದತ್ತು ತೆಗೆದುಕೊಂಡರು. ಅಳಿಯ ಮಾವನ ಮನೆಯ ಹೆಸರು ತೊಟ್ಟು ಮಗನಾಗುವುದು. ನಮ್ಮಲ್ಲಿ ‘ಮನೆ ಅಳಿಯ’ ಅಂದರೆ ಸ್ವಲ್ಪ ತಮಾಷೆ, ಸ್ವಲ್ಪ ಸಸಾರ. ಜಪಾನಿನಲ್ಲಿ ಅದು ವ್ಯಾಪಾರಿ ಮನೆತನಗಳಿಂದ ಸಮುರಾಯ್ ಮನೆತನಗಳವರೆಗೆ ನಡೆದುಬಂದ ಗೌರವದ ಕ್ರಮ. ಜೂಡೊ ಸ್ಥಾಪಕ ಜಿಗೋರೊ ಕಾನೊ ಅವರ ತಂದೆಯೂ ಕಾನೊ ಮನೆಗೆ ಹಾಗೆ ಬಂದ ಅಳಿಯನೇ.

ಹಾಗಾಗಿ ‘ವಂಶಪಾರಂಪರ್ಯ’ ಎಂಬ ನಮ್ಮ ಶಬ್ದವನ್ನು ಇಲ್ಲಿ ಜಾಗ್ರತೆಯಲ್ಲಿ ಬಳಸಬೇಕು. ಅಲ್ಲಿ ಮುಂದುವರಿಯಬೇಕಾದ್ದು ರಕ್ತ ಅಲ್ಲ, ಮನೆ. ಮನೆ ಉಳೀಲಿಕ್ಕೆ ಸಮರ್ಥನೊಬ್ಬನನ್ನು ಹೊರಗಿನಿಂದ ತಂದು ಮಗ ಅಂತ ಮಾಡಿದರೆ ಪರಂಪರೆ ಕಡಿಯಲಿಲ್ಲ ಅಂತಲೇ ಲೆಕ್ಕ. ಅಂದರೆ 1932ರಲ್ಲಿ ಮೊರಿಹೇಯ್ ಅವರಿಗೆ ಸಾಮರ್ಥ್ಯವೂ ಬೇಕಿತ್ತು, ಮನೆಯೂ ಬೇಕಿತ್ತು. ದತ್ತು ಅಳಿಯನಲ್ಲಿ ಎರಡೂ ಸಿಗ್ತಿತ್ತು.

ಆ ಸಂಬಂಧ ಉಳಿಯಲಿಲ್ಲ. ಕೆಲವು ವರ್ಷಗಳಲ್ಲಿ ಮದುವೆ ಮುರಿಯಿತು, ನಾಕಾಕುರಾ ಹಳೆಯ ಹೆಸರಿಗೂ ಕೆಂದೊಗೂ ಮರಳಿದರು, ಮುಂದೆ ಅಲ್ಲಿ ಬಹಳ ದೊಡ್ಡ ಹೆಸರು ಮಾಡಿದರು. ಮಗ ಕಿಶ್ಶೋಮಾರು ಉತ್ತರಾಧಿಕಾರಿಯಾದದ್ದು ಇದರ ನಂತರ. ಮೊದಲಿನಿಂದಲೇ ಮಗನಿಗೆ ಅಂತ ನಿಶ್ಚಯವಾಗಿದ್ದ ಪೀಠ ಇದಲ್ಲ. ಬೇರೆ ದಾರಿ ಮುಚ್ಚಿದ ಮೇಲೆ ಉಳಿದ ದಾರಿ.

೪. ಬಾಗಿಲು ಕಾದ ಮಗ

1942ರಲ್ಲಿ ಮೊರಿಹೇಯ್ ಟೋಕಿಯೊ ಬಿಟ್ಟು ಇಬಾರಾಕಿ ಪ್ರಾಂತದ ಇವಾಮಾ ಎಂಬ ಹಳ್ಳಿಗೆ ಹೋದರು. ಬೇಸಾಯ, ಪ್ರಾರ್ಥನೆ, ಅಭ್ಯಾಸ. ಟೋಕಿಯೊದ ತಾಲೀಮು ಮನೆಯ ಹೊಣೆ ವಾಸೆದಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಗನ ಮೇಲೆ ಬಿತ್ತು. ಅವನಿಗೆ 21 ವರ್ಷ. ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರ ಪ್ರಾಯ ಅದೇ. ಸ್ವಲ್ಪ ಕಲ್ಪನೆ ಮಾಡಿಕೊಳ್ಳಿ: ಯುದ್ಧ ನಡೀತಾ ಉಂಟು, ದೊಡ್ಡ ಶಿಷ್ಯರೆಲ್ಲ ಸೈನ್ಯಕ್ಕೆ ಹೋಗಿದ್ದಾರೆ, ತಂದೆ ಹಳ್ಳಿಯಲ್ಲಿ, ಪರೀಕ್ಷೆ ತಲೆಯ ಮೇಲೆ, ಕೈಯಲ್ಲಿ ಒಂದು ಕಟ್ಟಡದ ಬೀಗದ ಕೈ.

1945ರ ಬಾಂಬು ದಾಳಿಗಳಲ್ಲಿ ಸುತ್ತಲಿನ ಮನೆಗಳು ಸುಟ್ಟರೂ ಕಟ್ಟಡ ಉಳಿಯಿತು. ಯುದ್ಧ ಮುಗಿದಾಗ ಮನೆ ಕಳಕೊಂಡ ಕುಟುಂಬಗಳು ಅದೇ ತಾಲೀಮು ಮನೆಯೊಳಗೆ ವಾಸವಾಗಿದ್ದವು. ಅಮೆರಿಕದ ಆಡಳಿತದ ಆ ದಿನಗಳಲ್ಲಿ ಸಮರವಿದ್ಯೆ ಅಂದರೆ ಸಂಶಯದ ವಸ್ತು. 1946ರಲ್ಲಿ ದೇಶದ ದೊಡ್ಡ ಸಮರವಿದ್ಯಾ ಸಂಘ ದೈ ನಿಪ್ಪೋನ್ ಬುತೊಕುಕೈ ವಿಸರ್ಜನೆಯಾಯಿತು. 1948ರಲ್ಲಿ ಐಕಿಕೈ ಎಂಬ ಪ್ರತಿಷ್ಠಾನಕ್ಕೆ ಶಿಕ್ಷಣ ಇಲಾಖೆಯ ಮಾನ್ಯತೆ ಸಿಕ್ಕಿತು. ಕಿಶ್ಶೋಮಾರು ಸುಮಾರು 1955ರವರೆಗೂ ಶೇರು ವ್ಯವಹಾರದ ಕಂಪೆನಿಯೊಂದರಲ್ಲಿ ನೌಕರಿ ಮಾಡಿಕೊಂಡು, ಬೆಳಗ್ಗೆ ಸಂಜೆ ಕಲಿಸ್ತಿದ್ದರು. ತಾಲೀಮು ಮನೆಯ ಖರ್ಚಿಗೂ ಸಂಬಳ ಬೇಕಿತ್ತು.

1956ರಲ್ಲಿ ಟೋಕಿಯೊದ ತಾಕಾಶಿಮಾಯಾ ಮಳಿಗೆಯ ತಾರಸಿ ಮೇಲೆ ಸಾರ್ವಜನಿಕ ಪ್ರದರ್ಶನ ನಡೆಯಿತು. ಯುದ್ಧದ ಮೊದಲು ಶಿಫಾರಸು ಇಲ್ಲದೆ ಒಳಗೆ ಬಿಡದ ವಿದ್ಯೆ ಈಗ ಪೇಟೆಗೆ ಬಂದವರ ಕಣ್ಣೆದುರು. ಕಿಶ್ಶೋಮಾರು ಪುಸ್ತಕಗಳನ್ನೂ ಬರೆದರು, ಹಿಡಿತಗಳಿಗೆ ಕ್ರಮಬದ್ಧ ಹೆಸರು, ಪಾಠದ ಅನುಕ್ರಮ ತಂದರು. ತಂದೆಯ ಹಾಗೆ ಆತ ಅದ್ಭುತ ಪುರುಷ ಅಂತ ಯಾರೂ ಹೇಳಲಿಲ್ಲ. ನನ್ನ ಅಭಿಪ್ರಾಯದಲ್ಲಿ ಪ್ರಶ್ನೆ ಅದಲ್ಲ. ಅದ್ಭುತವನ್ನು ಕಲಿಸಲಿಕ್ಕೆ ಬರುವ ಪಾಠವಾಗಿ ಮಾಡಿದ್ದು ಮಗ. ಇಲ್ಲಿ ಹಸ್ತಾಂತರ ಆದದ್ದು ಕೈಚಳಕ ಅಲ್ಲ, ಹೊಣೆ.

೫. ಷಡ್ಡಕರ ನಡುವೆ

ಆದರೆ ಕಥೆಯ ಇನ್ನೊಂದು ಬದಿ ಉಂಟು. ಆ ಬದಿಯನ್ನು ಬಿಟ್ಟರೆ ಇದು ಬರೀ ಪೀಠದ ಸ್ತುತಿಯಾಗ್ತದೆ.

ಮುಖ್ಯ ತಾಲೀಮು ಮನೆಯ ಪ್ರಧಾನ ಬೋಧಕ ಕೊಯಿಚಿ ತೊಹೇಯ್. 1953ರಲ್ಲಿ ಹವಾಯಿಗೆ ಹೋಗಿ ಐಕಿಡೊವನ್ನು ಅಲ್ಲಿ ಬೇರೂರಿಸಿದವರು. ಹೊರದೇಶದ ಅನೇಕರಿಗೆ ಐಕಿಡೊ ಅಂದರೆ ತೊಹೇಯ್ ಅವರ ಮುಖ. ಅತ್ಯುನ್ನತವಾದ ಹತ್ತನೇ ದಾನ್ ಅವರಿಗೆ ಸಿಕ್ಕಿತ್ತು. ಅವರ ಹೆಂಡತಿ ಮತ್ತು ಕಿಶ್ಶೋಮಾರು ಅವರ ಹೆಂಡತಿ ಅಕ್ಕತಂಗಿಯರು, ಅಂದರೆ ಇವರಿಬ್ಬರೂ ಷಡ್ಡಕರು.

1969ರ ಏಪ್ರಿಲ್ 26ರಂದು ಮೊರಿಹೇಯ್ ತೀರಿಕೊಂಡರು. ಕಿಶ್ಶೋಮಾರು ‘ದೋಶು’ ಆದರು. ಮಾರ್ಗದ ಒಡೆಯ ಅಂತ ಆ ಶಬ್ದದ ಅರ್ಥ. ತೊಹೇಯ್ ಪ್ರಧಾನ ಬೋಧಕರಾಗಿಯೇ ಉಳಿದರು. ಕಾಗದದ ಮೇಲೆ ನೋಡಿದರೆ ಇದು ಕಾತೋರಿ ಮಾದರಿ: ಮನೆ ಒಬ್ಬರದು, ಬೋಧನೆ ಇನ್ನೊಬ್ಬರದು. ಆದರೆ ಕಾತೋರಿಯಲ್ಲಿ ಯಜಮಾನ ಕಲಿಸುವುದಿಲ್ಲ. ಇಲ್ಲಿ ಇಬ್ಬರೂ ಕಲಿಸುವವರು, ಇಬ್ಬರ ದೃಷ್ಟಿಯೂ ಬೇರೆ. ‘ಕಿ’ ಎಂಬ ಪ್ರಾಣಶಕ್ತಿಯ ಅಭ್ಯಾಸವೇ ವಿದ್ಯೆಯ ತಳ ಎಂಬುದು ತೊಹೇಯ್ ಅವರ ನಿಲುವು. 1971ರಲ್ಲಿ ಅದಕ್ಕಾಗಿ ಬೇರೆ ಸಂಘ ಕಟ್ಟಿದರು. 1974ರ ಮೇ ತಿಂಗಳಲ್ಲಿ ಐಕಿಕೈ ಬಿಟ್ಟರು. ಹಲವು ಕಡೆ ಶಿಷ್ಯರು ಎರಡು ಪಾಲಾದರು. ಒಬ್ಬೊಬ್ಬ ಶಿಷ್ಯನೂ ಕೇಳಿಕೊಳ್ಳಬೇಕಾದ ಪ್ರಶ್ನೆ: ನಾನು ಯಾರ ಕೈಯಿಂದ ಕಲಿತೆ, ಯಾರ ಸಹಿಯ ಪತ್ರ ನನ್ನಲ್ಲಿ ಉಂಟು?

ಇಲ್ಲಿ ‘ದಾನ್’ ಎಂಬ ದರ್ಜೆಯ ಬಗ್ಗೆ ಒಂದು ಮಾತು. 1883ರಲ್ಲಿ ಜೂಡೊದಲ್ಲಿ ಕಾನೊ ಇದನ್ನು ಆರಂಭಿಸಿದರು, ಐಕಿಡೊವೂ ತೆಗೆದುಕೊಂಡಿತು. ಹಳೆಯ ಪೂರ್ಣಪ್ರಸಾರದ ಪತ್ರಕ್ಕೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ಪೂರ್ಣಪ್ರಸಾರ ಸಿಕ್ಕಿದವನು ಸ್ವತಂತ್ರ. ಹತ್ತನೇ ದಾನ್ ಸಿಕ್ಕಿದವನು ಕೂಡ ಸಂಸ್ಥೆಯೊಳಗೇ. ಅವನ ಶಿಷ್ಯನ ದಾನ್ ಪತ್ರ ಬರಬೇಕಾದದ್ದು ದೋಶು ಅವರ ಹೆಸರಿನಲ್ಲಿ. ಹೆಸರಿಗೆ ಆಧುನಿಕವಾದ ದಾನ್ ಪದ್ಧತಿ ಐಕಿಡೊವನ್ನು ಹಳೆಯ ಖಡ್ಗಶಾಲೆಗಿಂತ ಹೆಚ್ಚು ಚಹಾ ಮನೆಯ ಇಎಮೊತೊ ಹತ್ತಿರ ಒಯ್ದಿತು ಎಂಬುದು ನನ್ನ ವಾದ. ಹಳೆಯ ಕ್ರಮದಲ್ಲಾಗಿದ್ದರೆ ತೊಹೇಯ್ ಅವರಿಗೆ ಪತ್ರ ಕೊಟ್ಟು ಮರ್ಯಾದೆಯಿಂದ ಕಳಿಸಿಕೊಡಬಹುದಿತ್ತು. ಹೊಸ ಕ್ರಮದಲ್ಲಿ ಅವರಿಗೆ ಹೊರಗೆ ಹೋಗಲಿಕ್ಕೆ ರಾಜೀನಾಮೆ ಒಂದೇ ಬಾಗಿಲು.

ಮುಂದೆ ಆದದ್ದು ಇನ್ನೂ ಯೋಚನೆಗೆ ಹಚ್ಚುವಂಥದ್ದು. ತೊಹೇಯ್ ಕಟ್ಟಿದ ಸಂಘದ ಮುಖ್ಯಸ್ಥನಾಗಿ ಅವರ ನಂತರ ಬಂದದ್ದು ಮಗ ಶಿನಿಚಿ. ಇವಾಮಾದಲ್ಲಿ ಮೊರಿಹೇಯ್ ಅವರ ಸೇವೆ ಮಾಡಿ, ಅಲ್ಲಿನ ದೇಗುಲ ಮತ್ತು ತಾಲೀಮು ಮನೆ ನೋಡಿಕೊಂಡ ಮೊರಿಹಿರೊ ಸೈತೊ 2002ರಲ್ಲಿ ತೀರಿಕೊಂಡ ಮೇಲೆ ಅವರ ಮಗ ಹಿತೊಹಿರೊ ಐಕಿಕೈಯಿಂದ ಬೇರೆಯಾಗಿ ತನ್ನ ಸಂಘ ಮಾಡಿದರು. ಮೂಲಮನೆಯ ಪಾರಂಪರ್ಯದಿಂದ ಹೊರಗೆ ಬಂದವರು ಕಟ್ಟಿದ್ದೂ ಮತ್ತೊಂದು ಮನೆಯೇ.

೬. ಅಳತೆಗೋಲು ಇಲ್ಲದಲ್ಲಿ

ಈಗ ನನ್ನ ಮುಖ್ಯ ಮಾತಿಗೆ ಬರ್ತೇನೆ. ಪಕ್ಕದಲ್ಲೇ ಜೂಡೊ ಉಂಟು, ಹೋಲಿಸಿ ನೋಡಬಹುದು. ಕಾನೊ 1882ರಲ್ಲಿ ಕೊದೋಕಾನ್ ಸ್ಥಾಪಿಸಿದರು. 1938ರಲ್ಲಿ ಹಡಗಿನ ಪ್ರಯಾಣದಲ್ಲಿ ತೀರಿಕೊಂಡರು. ಅವರ ನಂತರ ಬಂದದ್ದು ಜಿರೋ ನಾಂಗೊ, ಅಕ್ಕನ ಮಗ. ಅಳಿಯಕಟ್ಟು, ಮಕ್ಕಳಕಟ್ಟು ಎಂಬ ಎರಡು ಕ್ರಮ ಕಂಡ ನಮಗೆ ಇಲ್ಲಿ ನಗು ಬರಬಹುದು: ಐಕಿಡೊದಲ್ಲಿ ಮಗಳ ಗಂಡ ಅಳಿಯ, ಜೂಡೊದಲ್ಲಿ ಅಕ್ಕನ ಮಗ ಅಳಿಯ. ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದ. ಆದರೆ ನಾಂಗೊ ಬಂದದ್ದು ಅಳಿಯಕಟ್ಟಿನಿಂದಲ್ಲ. ಅವರು ನೌಕಾಪಡೆಯ ಅಧಿಕಾರಿಯಾಗಿದ್ದ ಹಿರಿಯ ಬಂಧು. 1946ರಲ್ಲಿ ಮಗ ರಿಸೇಯ್ ಕಾನೊ, 1980ರಲ್ಲಿ ಮೊಮ್ಮಗ ಯುಕಿಮಿತ್ಸು ಕಾನೊ ಅಧ್ಯಕ್ಷರಾದರು. 2009ರಲ್ಲಿ ಮೊದಲ ಬಾರಿಗೆ ಬಂಧುವಲ್ಲದ ಹರುಕಿ ಉಯೆಮುರಾ ಐದನೆಯ ಅಧ್ಯಕ್ಷರಾದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮುಕ್ತ ವಿಭಾಗದ ಚಿನ್ನ ಗೆದ್ದವರು.

ಜೂಡೊ ಮನೆಯಿಂದ ಹೊರಗೆ ಬರಬಹುದಾಯಿತು, ಐಕಿಡೊಗೆ ಆಗಲಿಲ್ಲ. ಯಾಕೆ? ಜೂಡೊದಲ್ಲಿ ಸ್ಪರ್ಧೆ ಉಂಟು. ಯಾರು ಗೆದ್ದರು ಅಂತ ನೋಡಿದವರಿಗೆಲ್ಲ ಗೊತ್ತಾಗ್ತದೆ, ಪೀಠಕ್ಕೆ ಹೊರಗಿನ ಅಳತೆಗೋಲು ಸಿಗ್ತದೆ. ಐಕಿಕೈ ಸ್ಪರ್ಧೆಯನ್ನು ಒಪ್ಪುವುದಿಲ್ಲ. ಸೋಲು ಗೆಲುವಿನಾಚೆ ಹೋಗುವುದೇ ಆ ವಿದ್ಯೆಯ ತತ್ವ. ಸ್ಪರ್ಧೆ ತಂದ ಕೆಂಜಿ ತೊಮಿಕಿ ಅವರ ದಾರಿ ಬೇರೆಯೇ ಆಯಿತು. ಸ್ಪರ್ಧೆ ಇಲ್ಲದ ಕಡೆ ‘ನಾನೇ ಗುರುವಿನ ನಿಜವಾದ ಉತ್ತರಾಧಿಕಾರಿ’ ಅಂತ ಹತ್ತು ಜನ ಹೇಳಬಹುದು, ಹತ್ತು ಜನರ ಮಾತಿನಲ್ಲೂ ಸತ್ಯ ಇರಬಹುದು. ಆಗ ತಕರಾರು ಎತ್ತಲಿಕ್ಕೆ ಆಗದ ಒಂದೇ ಒಂದು ಅರ್ಹತೆ ಯಾವುದು? ಜನ್ಮ. ಮಗ ಶ್ರೇಷ್ಠ ಅಂತ ಅವನನ್ನು ಕೂರಿಸುವುದಲ್ಲ. ಶ್ರೇಷ್ಠ ಯಾರು ಎಂಬ ಜಗಳವನ್ನು ಪೀಠದಿಂದ ಹೊರಗಿಡಲಿಕ್ಕೆ ಮಗನನ್ನು ಕೂರಿಸುವುದು.

ನನ್ನ ವಾದಕ್ಕೆ ತೊಡಕಾಗುವ ಉದಾಹರಣೆಯೂ ಉಂಟು, ಮುಚ್ಚಿಡುವುದಿಲ್ಲ. ಕ್ಯೊಕುಶಿನ್ ಕರಾಟೆಯಲ್ಲಿ ಕಠಿಣ ಸ್ಪರ್ಧೆ ಉಂಟು. ಸ್ಥಾಪಕ ಮಾಸುತಾತ್ಸು ಓಯಾಮಾ 1994ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ಹೆಸರಿಸಿದ್ದು ವಿಶ್ವ ಚಾಂಪಿಯನ್ ಆಗಿದ್ದ ಶೋಕೇಯ್ ಮಾತ್ಸುಯಿ ಅವರನ್ನು. ಮನೆಯವರು ಒಪ್ಪಲಿಲ್ಲ, ನ್ಯಾಯಾಲಯ ಆ ಉಯಿಲನ್ನು ಮಾನ್ಯ ಮಾಡಲಿಲ್ಲ, ಸಂಸ್ಥೆ ಹಲವು ಚೂರಾಯಿತು. ಅಂದರೆ ಸ್ಪರ್ಧೆಯೊಂದೇ ಸಾಲದು. ಕೊದೋಕಾನಿನಲ್ಲಿ ವ್ಯಕ್ತಿಗಿಂತ ಸಂಸ್ಥೆ ದೊಡ್ಡದಾಗಲಿಕ್ಕೆ ನೂರಕ್ಕೂ ಹೆಚ್ಚು ವರ್ಷ ಸಮಯ ಸಿಕ್ಕಿತ್ತು, ಕ್ಯೊಕುಶಿನ್‌ಗೆ ಆ ಸಮಯ ಇರಲಿಲ್ಲ. ಹಾಗೆಯೇ ಮಗ ಇದ್ದರೂ ಸಾಲದು. ಸೊಕಾಕು ತಾಕೆದಾ ಅವರ ಮಗ ತೊಕಿಮುನೆ ದೈತೋ ಪರಂಪರೆಯನ್ನು ದಶಕಗಳ ಕಾಲ ನಡೆಸಿದರು. 1993ರಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಒಪ್ಪುವ ಮುಂದಿನವರು ಇರಲಿಲ್ಲ. ಆ ಪರಂಪರೆ ಇವತ್ತು ಹಲವು ಕವಲುಗಳಲ್ಲಿ ಉಂಟು.

೭. ಮುಗಿಸುವ ಮೊದಲು

ಕಿಶ್ಶೋಮಾರು 1999ರ ಜನವರಿ 4ರಂದು ತೀರಿಕೊಂಡರು. 1951ರಲ್ಲಿ ಹುಟ್ಟಿದ ಮಗ ಮೊರಿತೇರು ಮೂರನೆಯ ದೋಶು ಆದರು. ಮೊರಿತೇರು ಅವರ ಮಗ ಮಿತ್ಸುತೇರು ಈಗ ಮುಖ್ಯ ತಾಲೀಮು ಮನೆಯ ಮುಖ್ಯಸ್ಥ. ತಾತ 21ನೆಯ ವಯಸ್ಸಿನಲ್ಲಿ ಹೊತ್ತ ಅದೇ ಹುದ್ದೆ. ಒಮ್ಮೆ ಬೇರೆ ದಾರಿ ಇಲ್ಲದೆ ಆದ ವ್ಯವಸ್ಥೆ ಮೂರು ತಲೆಮಾರಿನಲ್ಲಿ ಪದ್ಧತಿಯಾಗಿದೆ. ಹೊಸದಾಗಿ ಸೇರುವ ವಿದ್ಯಾರ್ಥಿಗೆ ಅದು ಅನಾದಿಯಿಂದ ಇದ್ದ ಹಾಗೆ ಕಾಣ್ತದೆ. ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಕೆಲಸ ಅದು ಯಾವ ವರ್ಷದಲ್ಲಿ, ಯಾರ ಬದಲಿಗೆ, ಯಾಕಾಗಿ ಆಯಿತು ಅಂತ ಹೇಳುವುದು.

ನನ್ನ ಮೊದಲ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು: ಹಸ್ತಾಂತರವಾದದ್ದು ಸಹಿ ಹಾಕುವ ಅಧಿಕಾರ, ಬಾಗಿಲು ತೆರೆದಿಡುವ ಹೊಣೆ. ವಿದ್ಯೆ ಯಾವಾಗಲೂ ಶಿಷ್ಯರ ಮೈಯಲ್ಲಿ ಹರಡಿಕೊಂಡಿತ್ತು, ಬಿಟ್ಟು ಹೋದವರ ಮೈಯಲ್ಲಿಯೂ.

ಸಂವಾದದಿಂದ

ಒಬ್ಬ ಸಹಪಾಠಿ ಕೇಳಿದ ಪ್ರಶ್ನೆ: ‘ಹೆಣ್ಣುಮಕ್ಕಳಿಗೆ ಈ ಪೀಠ ಇಲ್ಲವಾ? ಮಾತ್ಸುಕೊ ಬರೀ ಅಳಿಯನನ್ನು ತರುವ ದಾರಿಯಾಗಿ ಮಾತ್ರ ಕಾಣ್ತಾರೆ.’

ಒಳ್ಳೆಯ ಪ್ರಶ್ನೆ, ನನ್ನ ಪ್ರಬಂಧದಲ್ಲಿ ಇದು ಬರಬೇಕಿತ್ತು. ಉಯೆಶಿಬಾ ಮನೆಯಲ್ಲಿ ಅದು ಹೌದು. ಆದರೆ ಜಪಾನಿನಲ್ಲೇ ಬೇರೆ ಉದಾಹರಣೆ ಉಂಟು. ಶೋರಿಂಜಿ ಕೆಂಪೊ ಸ್ಥಾಪಕ ದೋಶಿನ್ ಸೋ 1980ರಲ್ಲಿ ತೀರಿಕೊಂಡಾಗ ಮುಖ್ಯಸ್ಥೆಯಾದದ್ದು ಮಗಳು. ಪ್ರಾಯ ಇಪ್ಪತ್ತರ ಆಸುಪಾಸು. ಅಲ್ಲಿಯೂ ಅತ್ಯಂತ ನುರಿತ ಪಟು ಯಾರು ಅಂತ ಹುಡುಕಲಿಲ್ಲ, ಮನೆ ಒಡೆಯದ ಹಾಗೆ ನೋಡಿಕೊಳ್ಳುವವರು ಯಾರು ಅಂತ ನೋಡಿದರು. ಹಾಗಾಗಿ ಅದು ನನ್ನ ವಾದಕ್ಕೆ ಸೇರುವ ಉದಾಹರಣೆಯೇ. ಮಾತ್ಸುಕೊ ಅವರ ಬಗ್ಗೆ ಮಾತ್ರ ನಿಮ್ಮ ಆಕ್ಷೇಪ ಹಾಗೇ ನಿಲ್ತದೆ. ಎರಡು ಸಲ ಉತ್ತರಾಧಿಕಾರದ ತೀರ್ಮಾನವಾದ ಮನೆಯಲ್ಲಿ ಅವರ ಹೆಸರು ಬರುವುದು ಒಂದು ಮದುವೆಯಲ್ಲಿ ಮತ್ತು ಅದು ಮುರಿದ ಕಡೆ ಮಾತ್ರ. ಪ್ರಬಂಧವನ್ನು ಮುಂದೆ ಬೆಳೆಸುವಾಗ ಅಲ್ಲಿಂದಲೇ ಶುರು ಮಾಡ್ತೇನೆ.